ರೂಪಾಯಿಗೆ ಕಾವಲಿದ್ದವರು: ಚಿಂತಾಮಣ ದೇಶಮುಖ

ನಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿಯ ನೋಟನ್ನು ನಾವು ದಿನಕ್ಕೆ ಹಲವು ಸಲ ಮುಟ್ಟುತ್ತೇವೆ. ಅದನ್ನು ಓದುವವರು ಮಾತ್ರ ವಿರಳ. ಓದಿದರೆ ಅಲ್ಲಿ ಒಂದು ವಾಗ್ದಾನವಿರುವುದು ಕಾಣುತ್ತದೆ. ನೋಟನ್ನು ಹಿಡಿದು ಬಂದವರಿಗೆ ಅಷ್ಟು ರೂಪಾಯಿಗಳನ್ನು ಸಲ್ಲಿಸುವುದಾಗಿ ರಿಸರ್ವ್ ಬ್ಯಾಂಕಿನ ಗವರ್ನರು ಮಾತು ಕೊಟ್ಟು, ಕೆಳಗೆ ತಮ್ಮ ರುಜು ಹಾಕಿರುತ್ತಾರೆ. ಒಂದು ರೂಪಾಯಿಯ ನೋಟಿನಲ್ಲಿ ಮಾತ್ರ ಈ ವಾಗ್ದಾನವಿಲ್ಲ. ಅದು ಸರ್ಕಾರದ್ದೇ ನೋಟು, ಅದರ ಮೇಲಿರುವುದು ಅರ್ಥಖಾತೆಯ ಕಾರ್ಯದರ್ಶಿಯ ರುಜು. ಹಣವನ್ನು ಮೊಬೈಲಿನಲ್ಲಿಯೇ ಕಳುಹಿಸಿ ಮುಗಿಸುವ ಈ ಕಾಲದಲ್ಲಿ ಕಾಗದದ ಮೇಲಿನ ರುಜುವನ್ನು ಯಾರು ನೋಡುತ್ತಾರೆ ಎಂದು ಕೇಳಬಹುದು. ಆದರೆ ಮೊಬೈಲಿನಲ್ಲಿ ಓಡಾಡುವ ಹಣವೂ ಕೊನೆಗೆ ಅದೇ ವಾಗ್ದಾನದ ಮೇಲೆಯೇ ನಿಂತಿದೆ. ಆ ವಾಗ್ದಾನಕ್ಕೆ ಗವರ್ನರಾಗಿ ಮೊಟ್ಟಮೊದಲು ರುಜು ಹಾಕಿದ ಭಾರತೀಯರು ಸರ್ ಚಿಂತಾಮಣ ದ್ವಾರಕಾನಾಥ ದೇಶಮುಖರು. ಅವರು ರುಜು ಹಾಕಿದ ಕಾಲವಾದರೂ ಎಂಥದು! ಯುದ್ಧ, ಕ್ಷಾಮ, ದೇಶವಿಭಜನೆ ಈ ಮೂರೂ ಅವರ ಆರು ವರ್ಷಗಳ ಅಧಿಕಾರಾವಧಿಯಲ್ಲಿಯೇ ಬಂದುಹೋದವು.

ದೇಶಮುಖರು ೧೮೯೬ನೆಯ ಇಸವಿ ಜನವರಿ ೧೪ರಂದು, ಶಿವಾಜಿಯ ರಾಯಗಡ ಕೋಟೆಗೆ ಸಮೀಪದ ನಾಟೆ ಎಂಬ ಹಳ್ಳಿಯಲ್ಲಿ ಜನಿಸಿದರು. ಆ ದಿನ ಸಂಕ್ರಾಂತಿಯ ಸುಮಾರಿನದು. ತಂದೆ ದ್ವಾರಕಾನಾಥರು ಕೊಲಾಬಾ ಜಿಲ್ಲೆಯ ರೋಹಾ ಊರಿನಲ್ಲಿ ವಕೀಲರಾಗಿದ್ದವರು; ತಾಯಿ ಭಾಗೀರಥೀಬಾಯಿಯವರು. ಬಾಲಕ ಚಿಂತಾಮಣನ ಬುದ್ಧಿಶಕ್ತಿ ಚಿಕ್ಕಂದಿನಲ್ಲಿಯೇ ಹೊರಬಿತ್ತು. ೧೯೧೨ರ ಮುಂಬಯಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಎಲ್ಲರಿಗೂ ಮೊದಲಿಗರಾಗಿ ತೇರ್ಗಡೆ ಹೊಂದಿದುದಲ್ಲದೆ, ಸಂಸ್ಕೃತಕ್ಕೆ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನೂ ಗಿಟ್ಟಿಸಿದರು. ಅಲ್ಲಿಂದ ಎಲ್ಫಿನ್‌ಸ್ಟನ್ ಕಾಲೇಜು, ಬಳಿಕ ಕೇಂಬ್ರಿಜ್ಜಿನ ಜೀಸಸ್ ಕಾಲೇಜು. ಕೇಂಬ್ರಿಜ್ಜಿನಲ್ಲಿ ಅವರು ಓದಿದ್ದು ಅರ್ಥಶಾಸ್ತ್ರವನ್ನಲ್ಲ ಎಂಬುದು ನಮ್ಮ ವಿದ್ಯಾರ್ಥಿ ಮಿತ್ರರಿಗೆ ಸೋಜಿಗವೆನಿಸೀತು. ಅವರ ವಿಷಯಗಳು ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ. ಸಸ್ಯಶಾಸ್ತ್ರದಲ್ಲಿ ಬಹುಮಾನವೂ ಬಂದಿತು. ರೂಪಾಯಿಯ ಶಾಸ್ತ್ರವನ್ನು ಅವರು ಕಲಿತದ್ದು ಕೆಲಸದ ಮೇಲೆಯೇ. ೧೯೧೮ರಲ್ಲಿ ಲಂಡನ್ನಿನಲ್ಲಿ ನಡೆದ ಐ. ಸಿ. ಎಸ್. ಪರೀಕ್ಷೆಗೆ ಕುಳಿತು ಅಲ್ಲಿಯೂ ಪ್ರಥಮಸ್ಥಾನ ಪಡೆದರು.

ಮುಂದಿನ ಸುಮಾರು ಇಪ್ಪತ್ತು ವರ್ಷಗಳ ಕಥೆಯನ್ನು ಬೇಗ ಮುಗಿಸಬಹುದು. ಮಧ್ಯಪ್ರಾಂತ ಮತ್ತು ಬೀರಾರಿನಲ್ಲಿ ಅವರಿಗೆ ನೇಮಕವಾಯಿತು. ರಾಯಪುರದಲ್ಲಿ ಭೂಕಂದಾಯದ ಸೆಟ್ಲ್‌ಮೆಂಟ್ ಕೆಲಸ ಮಾಡಿದರು. ಅನಂತರ ಪ್ರಾಂತದ ಅರ್ಥಖಾತೆಯ ಕಾರ್ಯದರ್ಶಿಯಾದರು. ೧೯೩೧ರಲ್ಲಿ ಗಾಂಧೀಜಿಯವರು ಭಾಗವಹಿಸಿದ ಎರಡನೆಯ ದುಂಡುಮೇಜಿನ ಪರಿಷತ್ತಿನ ಕಾರ್ಯದರ್ಶಿಗಳಲ್ಲಿ ಇವರೂ ಒಬ್ಬರು. ಕೇಂದ್ರಕ್ಕೂ ಪ್ರಾಂತಗಳಿಗೂ ವರಮಾನವನ್ನು ಹೇಗೆ ಹಂಚಬೇಕೆಂದು ಸರ್ ಆಟೊ ನೀಮೆಯರ್ ವಿಚಾರಣೆ ನಡೆಸಿದಾಗ ಮಧ್ಯಪ್ರಾಂತದ ಪರವಾಗಿ ದೇಶಮುಖರು ಸಿದ್ಧಪಡಿಸಿದ ಮನವಿ ಬಲ್ಲವರ ಮೆಚ್ಚುಗೆ ಪಡೆಯಿತು. ಹೀಗೆ ಲೆಕ್ಕದ ಮನುಷ್ಯರೆಂದು ಹೆಸರಾದವರನ್ನು ೧೯೩೯ರ ಜುಲೈಯಲ್ಲಿ ರಿಸರ್ವ್ ಬ್ಯಾಂಕಿಗೆ ಸಂಪರ್ಕಾಧಿಕಾರಿಯಾಗಿ ಕಳುಹಿಸಿದರು. ಎರಡು ತಿಂಗಳು ತುಂಬುವುದರೊಳಗೆ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು.

ಆಗಿನ ರಿಸರ್ವ್ ಬ್ಯಾಂಕು ಎಂಥದೆಂಬುದನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದಿನ ಕಥೆ ತಿಳಿಯದು. ಬ್ಯಾಂಕು ಆರಂಭವಾದುದು ೧೯೩೫ರ ಏಪ್ರಿಲ್ ೧ರಂದು. ಅದಕ್ಕೆ ಮೊದಲು, ೧೮೬೧ರಿಂದ, ನೋಟುಗಳನ್ನು ಹೊರಡಿಸುತ್ತಿದ್ದುದು ಸರ್ಕಾರವೇ. ಹೊಸ ಬ್ಯಾಂಕಿನ ಮೂಲಧನ ೫ ಕೋಟಿ ರೂಪಾಯಿ, ಅದು ಷೇರುದಾರರ ಕೈಯಲ್ಲಿತ್ತು. ಮೊದಲ ಗವರ್ನರು ಸರ್ ಆಸ್ಬರ್ನ್ ಸ್ಮಿತ್, ಅವರ ಬಳಿಕ ಸರ್ ಜೇಮ್ಸ್ ಟೇಲರ್. ನೋಟು ಅಚ್ಚು ಹಾಕುವುದಕ್ಕೆ ಕಾನೂನು ಒಂದು ಕಟ್ಟಳೆ ಹಾಕಿತ್ತು. ಹೊರಡಿಸಿದ ನೋಟುಗಳ ಬೆಲೆಯಲ್ಲಿ ನೂರಕ್ಕೆ ೪೦ ಭಾಗದಷ್ಟಾದರೂ ಚಿನ್ನ ಇಲ್ಲವೆ ಇಂಗ್ಲೆಂಡಿನ ಸ್ಟರ್ಲಿಂಗ್ ಪತ್ರಗಳ ರೂಪದಲ್ಲಿ ಬ್ಯಾಂಕಿನ ಬಳಿ ಇರಬೇಕು; ಅದರಲ್ಲಿ ಚಿನ್ನ ೪೦ ಕೋಟಿ ರೂಪಾಯಿಗೆ ಕಡಿಮೆಯಾಗಬಾರದು. ರೂಪಾಯಿಯ ಬೆಲೆಯನ್ನು ೧ ಷಿಲಿಂಗ್ ೬ ಪೆನ್ಸಿಗೆ ಕಟ್ಟಿಹಾಕಿದ್ದರು. ಆ ಬೆಲೆ ಹೆಚ್ಚಾಯಿತು, ೧ ಷಿಲಿಂಗ್ ೪ ಪೆನ್ಸು ಸಾಕೆಂದು ಸರ್ ಪುರುಷೋತ್ತಮದಾಸ ಠಾಕೂರದಾಸರು ೧೯೨೬ರಲ್ಲಿಯೇ ವಾದಿಸಿ ಭಿನ್ನಮತ ಬರೆದಿದ್ದರು, ಯಾರೂ ಕೇಳಲಿಲ್ಲ. ಯಾರಾದರೂ ಸ್ಟರ್ಲಿಂಗ್ ತಂದುಕೊಟ್ಟರೆ ಆ ದರಕ್ಕೆ ರೂಪಾಯಿ ಕೊಡಲೇಬೇಕು, ರೂಪಾಯಿ ತಂದುಕೊಟ್ಟರೆ ಸ್ಟರ್ಲಿಂಗ್ ಕೊಡಲೇಬೇಕು. ಕಾನೂನಿನ ಪ್ರಕಾರ ಬ್ಯಾಂಕಿಗೆ ಇಲ್ಲವೆನ್ನುವ ಅಧಿಕಾರವಿರಲಿಲ್ಲ.

ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಎಲ್ಲ ಅನರ್ಥಕ್ಕೂ ಮೂಲ ಅದೇ.

ಯುದ್ಧ ಬಂದೊಡನೆ ಬ್ರಿಟಿಷ್ ಸರ್ಕಾರಕ್ಕೆ ಭಾರತದಲ್ಲಿ ಬಟ್ಟೆ ಬೇಕಾಯಿತು, ಸೆಣಬು ಬೇಕಾಯಿತು, ಧಾನ್ಯ, ಮರಮುಟ್ಟು, ಉಕ್ಕು, ಜನ ಎಲ್ಲವೂ ಬೇಕಾಯಿತು. ೧೯೩೯ರ ನವೆಂಬರಿನಲ್ಲಿ ಆದ ಒಪ್ಪಂದದಂತೆ ಭಾರತದ ರಕ್ಷಣೆಗೆ ಸಂಬಂಧಿಸಿದ ಖರ್ಚು ಭಾರತದ್ದು, ಅದಕ್ಕೆ ಮೀರಿದ್ದು ಬ್ರಿಟನ್ನಿನದು. ಆದರೆ ಇಲ್ಲಿಯ ರೈತನಿಗೂ ಗಿರಣಿಯವನಿಗೂ ಆ ಕ್ಷಣದಲ್ಲಿ ರೂಪಾಯಿ ಕೊಡಬೇಕಲ್ಲ? ಅದನ್ನು ಕೊಡುತ್ತಿದ್ದುದು ಭಾರತ ಸರ್ಕಾರ. ಬ್ರಿಟನ್ ತನ್ನ ಪಾಲಿನ ಹಣವನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ ರೂಪದಲ್ಲಿ ಜಮಾ ಮಾಡುತ್ತಿತ್ತು. ಆ ಜಮೆಯನ್ನು ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕು ಇಲ್ಲಿ ನೋಟು ಹೊರಡಿಸುತ್ತಿತ್ತು.

ಇದನ್ನು ಹಳ್ಳಿಯ ಉದಾಹರಣೆಯಿಂದ ಹೇಳಬಹುದು. ಪಟ್ಟಣದ ಸಾಹುಕಾರನೊಬ್ಬ ಹಳ್ಳಿಗೆ ಬಂದು ಮನೆಮನೆಯ ಕಣಜದಿಂದ ಧಾನ್ಯ ಕೊಳ್ಳುತ್ತಾನೆ. ಕೈಯಲ್ಲಿ ಹಣವಿಲ್ಲ. ಪಟ್ಟಣದಲ್ಲಿರುವ ತನ್ನ ಕಿರ್ದಿ ಪುಸ್ತಕದಲ್ಲಿ ನಿಮ್ಮ ಊರಿನ ಹೆಸರಿಗೆ ಬರೆದುಕೊಂಡಿದ್ದೇನೆಂದು ಹೇಳುತ್ತಾನೆ. ಊರಿನ ಶಾನುಭೋಗರು ಆ ಮಾತನ್ನು ನಂಬಿ, ಧಾನ್ಯ ಕೊಟ್ಟವರಿಗೆಲ್ಲ ಚೀಟಿ ಬರೆದುಕೊಡುತ್ತಾರೆ. ಚೀಟಿಗಳು ಊರಿನ ತುಂಬ ಆಗುತ್ತವೆ, ಕಣಜಗಳು ಬರಿದಾಗುತ್ತವೆ. ಚೀಟಿ ಹಿಡಿದು ಅಂಗಡಿಗೆ ಹೋದರೆ ನಿನ್ನೆ ಒಂದು ಚೀಟಿಗೆ ಬರುತ್ತಿದ್ದ ಅಕ್ಕಿ ಇಂದು ಎರಡು ಚೀಟಿಗೂ ಬಾರದು. ಕೂಲಿಯವನಿಗಾದರೋ ಆ ಒಂದು ಚೀಟಿಯೂ ಇಲ್ಲ. ಶಾನುಭೋಗರ ಲೆಕ್ಕ ಮಾತ್ರ ಅಣೆಕಾಸು ತಪ್ಪದೆ ಸರಿಯಾಗಿದೆ!

ಯುದ್ಧಾರಂಭದಲ್ಲಿ ಸುಮಾರು ೧೮೦ ಕೋಟಿ ರೂಪಾಯಿಗಳಷ್ಟಿದ್ದ ನೋಟುಗಳ ಚಲಾವಣೆ ಯುದ್ಧ ಮುಗಿಯುವ ಹೊತ್ತಿಗೆ ಸಾವಿರ ಕೋಟಿಯನ್ನೂ ದಾಟಿತು. ಸಗಟು ಧಾರಣೆಗಳು ಎರಡು ಪಟ್ಟಿಗೂ ಮೇಲಾದವು. ನೂರಕ್ಕೆ ನಲವತ್ತರ ಕಟ್ಟಳೆ ಏನಾಯಿತೆಂದು ಕೇಳಬಹುದು. ಅದು ಒಂದು ದಿನವೂ ಮುರಿಯಲಿಲ್ಲ. ಮುರಿಯುವುದಾದರೂ ಹೇಗೆ? ನೋಟು ಹೆಚ್ಚಿದಂತೆಲ್ಲ ಅದಕ್ಕೆ ಎದುರಾಗಿ ಇಂಗ್ಲೆಂಡಿನ ಕಾಗದವೂ ಹೆಚ್ಚುತ್ತಿತ್ತು. ಚಿನ್ನ ಮಾತ್ರ ಸುಮಾರು ೪೪ ಕೋಟಿಯಲ್ಲಿಯೇ ನಿಂತಿತ್ತು. ಹೊಲವನ್ನು ಕಾಯಲೆಂದು ಹಾಕಿದ ಬೇಲಿ ಹೊಲದೊಡನೆಯೇ ಬೆಳೆಯುತ್ತ ಹೋದರೆ ಅದು ಯಾರನ್ನು ತಡೆದೀತು? ನಾವು ಪರೀಕ್ಷೆಗಾಗಿ ಕಂಠಪಾಠ ಮಾಡುವ ನಾಣ್ಯಸೂತ್ರಗಳಲ್ಲಿ ಎಷ್ಟೋ ಈ ಜಾತಿಯವು. ಬೆಳ್ಳಿಯ ರೂಪಾಯಿಯ ಗತಿಯೂ ಅಷ್ಟೇ ಆಯಿತು. ೧೯೪೦ರಲ್ಲಿ ಅದರ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಭಾಗದಿಂದ ಅರ್ಧಕ್ಕೆ ಇಳಿಸಿದರು. ಸರ್ಕಾರದ ಒಂದು ರೂಪಾಯಿ ನೋಟು ಅದೇ ವರ್ಷ ಬಂದಿತು.

ದೇಶಮುಖರು ೧೯೪೧ರ ಕೊನೆಯಲ್ಲಿ ಉಪಗವರ್ನರಾದರು. ೧೯೪೩ರ ಫೆಬ್ರವರಿಯಲ್ಲಿ ಟೇಲರ್ ತೀರಿಕೊಂಡರು. ಬ್ಯಾಂಕಿನ ಭಾರವೆಲ್ಲ ದೇಶಮುಖರ ಹೆಗಲಿಗೆ ಬಿದ್ದರೂ ಗವರ್ನರ ಪದವಿ ಅವರಿಗೆ ಬರಲು ಆರು ತಿಂಗಳು ಹಿಡಿಯಿತು. ಆಗಸ್ಟ್ ೧೧ರಂದು ಅವರು ಗವರ್ನರಾದರು, ವಯಸ್ಸು ೪೭. ಅದು ಹರ್ಷಪಡಬೇಕಾದ ಸುದ್ದಿಯೇನೋ ಹೌದು. ಆದರೆ ಅದೇ ದಿನಗಳಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಹಳ್ಳಿಗಳಿಂದ ಬಂದ ಬಂಗಾಳದ ಜನ ಗಂಜಿಗಾಗಿ ಅಂಗಲಾಚಿ ಸಾಯುತ್ತಿದ್ದರು. ಆ ಕ್ಷಾಮದಲ್ಲಿ ಸತ್ತವರು ೧೫ ಲಕ್ಷವೆಂದು ಸರ್ಕಾರಿ ವಿಚಾರಣಾ ಆಯೋಗ ಹೇಳಿತು. ೩೦ ಲಕ್ಷದವರೆಗೂ ಇರಬೇಕೆಂದು ಅನಂತರದ ವಿದ್ವಾಂಸರ ಲೆಕ್ಕ. ಬರ್ಮಾದ ಅಕ್ಕಿ ನಿಂತುಹೋಗಿತ್ತು, ಚಂಡಮಾರುತ ಬಂದಿತ್ತು, ಸರ್ಕಾರ ದೋಣಿಗಳನ್ನು ಕಿತ್ತುಕೊಂಡಿತ್ತು, ದಾಸ್ತಾನುಗಾರರು ಅಕ್ಕಿಯನ್ನು ಮುಚ್ಚಿಟ್ಟಿದ್ದರು. ಇವೆಲ್ಲವುಗಳ ಜೊತೆಗೆ ಉಬ್ಬಿದ ರೂಪಾಯಿಯೂ ಸೇರಿತ್ತು. ಕಾರಖಾನೆಯವನ ಕೈಯಲ್ಲಿ ನೋಟುಗಳಿದ್ದವು, ಭೂಮಿಯಿಲ್ಲದ ಕೂಲಿಯ ಕೈಯಲ್ಲಿ ಇರಲಿಲ್ಲ; ಅಕ್ಕಿ ನೋಟು ಇದ್ದವನ ಕಡೆಗೆ ಹರಿಯಿತು.

ಹೊಸ ಗವರ್ನರು ಏನು ಮಾಡಬಹುದಾಗಿತ್ತು? ಮುದ್ರಣಯಂತ್ರವನ್ನು ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಹೊರಗೆ ಹೋದ ಹಣವನ್ನು ಹಿಂದಕ್ಕೆ ಸೆಳೆಯುವುದೊಂದೇ ಉಳಿದಿದ್ದ ದಾರಿ. ತೆರಿಗೆ ಹೆಚ್ಚಿಸುವುದು, ಸರ್ಕಾರಿ ಸಾಲಪತ್ರಗಳನ್ನು ಮಾರುವುದು, ಸಣ್ಣ ಉಳಿತಾಯವನ್ನು ಪ್ರೋತ್ಸಾಹಿಸುವುದು ಇವು ನಡೆದವು. ಆ ಆಗಸ್ಟ್ ತಿಂಗಳಲ್ಲಿಯೇ ಬ್ರಿಟನ್ ಮತ್ತು ಅಮೆರಿಕಗಳ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕು ಪೇಟೆಯಲ್ಲಿ ಚಿನ್ನ ಮಾರಲು ತೊಡಗಿತು. ಯುದ್ಧದ ಖರ್ಚಿನ ಒಂದಂಶವನ್ನು ನೋಟಿನ ಬದಲು ಚಿನ್ನದಿಂದ ತೂಗಿಸುವ ಉಪಾಯವಿದು. ಇವುಗಳಿಂದ ಧಾರಣೆಯ ಓಟ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ೧೯೪೪ರಲ್ಲಿ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು.

ದೇಶಮುಖರು ಆಗಲೇ ರಾಜೀನಾಮೆ ಕೊಟ್ಟು ಹೊರಗೆ ಬರಬೇಕಿತ್ತೆಂದು ಹೇಳುವವರಿದ್ದಾರೆ. ಮಾತು ತಳ್ಳಿಹಾಕುವಂಥದಲ್ಲ. ದೇಶದ ನಾಯಕರೆಲ್ಲ ಸೆರೆಮನೆಯಲ್ಲಿದ್ದ ಕಾಲ ಅದು; ಪರರ ಯುದ್ಧಕ್ಕೆ ನಮ್ಮ ನಾಣ್ಯವನ್ನು ಹಿಂಡುತ್ತಿದ್ದ ವ್ಯವಸ್ಥೆಯ ಮೇಲ್ತುದಿಯಲ್ಲಿ ನಮ್ಮವರೊಬ್ಬರು ಕುಳಿತಿದ್ದರು. ಆದರೆ ಅವರು ಎದ್ದುಹೋಗಿದ್ದರೆ ಕಾನೂನೇನೂ ಬದಲಾಗುತ್ತಿರಲಿಲ್ಲ, ಅಲ್ಲಿಗೆ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿ ಬರುತ್ತಿದ್ದ, ಅಷ್ಟೇ. ಸಾಲ ವಸೂಲಿಯ ದಿನ ಬಂದಾಗ ಲೆಕ್ಕದ ಒಳಹೊರಗೆಲ್ಲ ಬಲ್ಲ ಭಾರತೀಯನೊಬ್ಬ ಇರುತ್ತಿರಲಿಲ್ಲ. ಈ ಲೇಖಕನ ಒಲವು ಅವರು ಉಳಿದದ್ದೇ ಲೇಸಾಯಿತೆಂಬ ಕಡೆಗೆ. ಹಾಗೆಂದು ಬಂಗಾಳದ ಸಾವಿನ ಎದುರು ಆ ಮಾತನ್ನು ಗಟ್ಟಿಯಾಗಿ ಹೇಳಲು ನಾಲಿಗೆ ಬಾರದು.

ವಸೂಲಿಯ ದಿನವೂ ಬಂದಿತು. ಯುದ್ಧ ಮುಗಿಯುವಾಗ ಲಂಡನ್ನಿನಲ್ಲಿ ಭಾರತದ ಹೆಸರಿನಲ್ಲಿ ಸುಮಾರು ೧೩೦ ಕೋಟಿ ಪೌಂಡುಗಳು, ಎಂದರೆ ಸುಮಾರು ೧,೭೦೦ ಕೋಟಿ ರೂಪಾಯಿ, ಜಮೆಯಾಗಿತ್ತು. ಎರಡು ಶತಮಾನ ಸಾಲಗಾರನಾಗಿದ್ದವನು ಸಾಹುಕಾರನಾದ, ಸಾಹುಕಾರ ಸಾಲಗಾರನಾದ. ಆದರೆ ಸಾಲಗಾರ ಆಳುವವನೂ ಆಗಿದ್ದರೆ ಸಾಹುಕಾರನ ಪಾಡು ಕಷ್ಟ. ಈ ಹಣದಲ್ಲಿ ಒಂದು ಪಾಲನ್ನು ಭಾರತ ಬಿಟ್ಟುಕೊಡಬೇಕು, ಯುದ್ಧ ಎಲ್ಲರದೂ ಆಗಿತ್ತಲ್ಲವೆ ಎಂಬ ಮಾತು ಇಂಗ್ಲೆಂಡಿನಲ್ಲಿ ದೊಡ್ಡದಾಗಿಯೇ ಕೇಳಿಬಂದಿತು. ಲಾರ್ಡ್ ಕೇನ್ಸರಂಥ ಅರ್ಥಶಾಸ್ತ್ರಜ್ಞರ ಮನಸ್ಸೂ ಆ ಕಡೆಗೇ ಇತ್ತು. ಹರಕು ಬಟ್ಟೆಯ ಬಡವ ಹೊಟ್ಟೆ ಕಟ್ಟಿ ಉಳಿಸಿದ ಹಣವಿದು, ದಾನವಲ್ಲ ಎಂಬುದು ಭಾರತದ ನಿಲುವು.

ಈ ಜಗ್ಗಾಟ ಮೊದಲು ಜಗತ್ತಿನ ಎದುರಿಗೆ ಬಂದದ್ದು ಬ್ರೆಟನ್‌ವುಡ್ಸಿನಲ್ಲಿ. ೧೯೪೪ರ ಜುಲೈಯಲ್ಲಿ ಅಮೆರಿಕದ ನ್ಯೂಹ್ಯಾಂಪ್‌ಷೈರಿನ ಆ ಊರಿನಲ್ಲಿ ೪೪ ದೇಶಗಳ ಪ್ರತಿನಿಧಿಗಳು ಸೇರಿ, ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವ ಬ್ಯಾಂಕುಗಳಿಗೆ ತಳಪಾಯ ಹಾಕಿದರು. ಭಾರತದ ನಿಯೋಗಕ್ಕೆ ಅರ್ಥಸದಸ್ಯ ಸರ್ ಜೆರಮಿ ರೈಸ್ಮನ್ ನಾಯಕರು. ಸರ್ ಥಿಯೊಡೋರ್ ಗ್ರೆಗರಿ ಇನ್ನೊಬ್ಬ ಇಂಗ್ಲಿಷರು. ದೇಶಮುಖ, ಷಣ್ಮುಖಂ ಚೆಟ್ಟಿ, ಎ. ಡಿ. ಷ್ರಾಫ್ ಈ ಮೂವರು ಭಾರತೀಯರು. ಸ್ಟರ್ಲಿಂಗ್ ಜಮೆಯ ಒಂದು ಭಾಗವನ್ನಾದರೂ ಡಾಲರಿಗೆ ಬದಲಾಯಿಸಿಕೊಳ್ಳಲು ನಿಧಿಯಲ್ಲಿ ಅವಕಾಶವಿರಬೇಕೆಂದು ನಮ್ಮವರು ಕೇಳಿದರು. ಅದು ಎರಡು ದೇಶಗಳ ನಡುವಣ ವ್ಯವಹಾರ, ಇಲ್ಲಿ ಬೇಡವೆಂದು ಬ್ರಿಟನ್ ಹೇಳಿತು, ದೊಡ್ಡವರೆಲ್ಲ ತಲೆಯಾಡಿಸಿದರು. ಹಿಂದುಳಿದ ದೇಶಗಳ ಏಳಿಗೆಯನ್ನು ನಿಧಿಯ ಉದ್ದೇಶಗಳಲ್ಲಿ ಸೇರಿಸಬೇಕೆಂದು ಭಾರತ ಹೂಡಿದ ವಾದಕ್ಕೂ ಪೂರ್ಣ ಫಲ ಸಿಕ್ಕಲಿಲ್ಲ. ಭಾರತದ ಪಾಲು ೪೦ ಕೋಟಿ ಡಾಲರೆಂದು ಗೊತ್ತಾಯಿತು. ರಷ್ಯ ನಿಧಿಗೆ ಸೇರದೆಹೋದುದರಿಂದ ಭಾರತವು ಮೊದಲ ಐದು ದೊಡ್ಡ ಪಾಲುದಾರರಲ್ಲಿ ಒಂದಾಗಿ, ಕಾರ್ಯಕಾರಿ ಮಂಡಲಿಯಲ್ಲಿ ತನ್ನದೇ ಸ್ಥಾನ ಪಡೆಯಿತು. ದೇಶಮುಖರು ಈ ಎರಡು ಸಂಸ್ಥೆಗಳ ಗವರ್ನರುಗಳ ಮಂಡಲಿಯಲ್ಲಿ ಬಹುಕಾಲ ಕುಳಿತರು. ೧೯೫೦ರ ಪ್ಯಾರಿಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು.

ನಿಧಿಯ ಸದಸ್ಯತ್ವದಿಂದ ಇನ್ನೊಂದು ಫಲವಾಯಿತು. ೧೯೪೭ರಲ್ಲಿ ರಿಸರ್ವ್ ಬ್ಯಾಂಕಿನ ಕಾನೂನನ್ನು ತಿದ್ದಿ, ಸ್ಟರ್ಲಿಂಗನ್ನೊಂದನ್ನೇ ಕೊಂಡು ಮಾರುವ ಕಟ್ಟಳೆಯನ್ನು ತೆಗೆದುಹಾಕಿದರು. ಅಂದಿನಿಂದ ರೂಪಾಯಿ ಕಾನೂನಿನಲ್ಲಾದರೂ ಪೌಂಡಿನ ಬಾಲವಾಗಿ ಉಳಿಯಲಿಲ್ಲ. ರೂಢಿಯಲ್ಲಿ ಆ ನಂಟು ಬಿಡಲು ೧೯೭೫ರವರೆಗೆ ಕಾಯಬೇಕಾಯಿತು.

ಕಡೆಗೆ ಜಮೆಯ ಹಣ ಬಂದಿತೇ? ಬಂದಿತು, ತೊಟ್ಟು ತೊಟ್ಟಾಗಿ. ೧೯೪೭ರ ಆಗಸ್ಟಿನ ಒಪ್ಪಂದದಲ್ಲಿ ಅದನ್ನು ಎರಡು ಖಾತೆಗಳಾಗಿ ಒಡೆದರು. ಒಂದರಿಂದ ತೆಗೆದು ಖರ್ಚು ಮಾಡಬಹುದು, ಇನ್ನೊಂದು ಬೀಗದೊಳಗೆ. ವರ್ಷಕ್ಕಿಷ್ಟೆಂದು ಎರಡನೆಯದರಿಂದ ಮೊದಲನೆಯದಕ್ಕೆ ಬಿಡುತ್ತ ಹೋದರು. ೧೯೪೮ರ ಒಪ್ಪಂದದಲ್ಲಿ ಬ್ರಿಟನ್ ಬಿಟ್ಟುಹೋದ ಸೈನ್ಯದ ಸರಕಿಗೆ ಸುಮಾರು ೧೦ ಕೋಟಿ ಪೌಂಡು ಕಳೆದುಕೊಂಡರು; ಇಲ್ಲಿ ದುಡಿದು ನಿವೃತ್ತರಾದ ಇಂಗ್ಲಿಷ್ ಅಧಿಕಾರಿಗಳ ಪಿಂಚಣಿಗೂ ದೊಡ್ಡ ಮೊತ್ತ ಹೋಯಿತು. ಒಂದು ಕಾಸನ್ನೂ ದಾನವೆಂದು ಬಿಟ್ಟುಕೊಡಲಿಲ್ಲವೆಂಬುದು ದೊಡ್ಡ ಮಾತು. ಆದರೆ ೧೯೪೯ರ ಸೆಪ್ಟೆಂಬರಿನಲ್ಲಿ ಪೌಂಡಿನ ಡಾಲರ್ ಬೆಲೆಯನ್ನು ಇಂಗ್ಲೆಂಡು ನೂರಕ್ಕೆ ೩೦ರಷ್ಟು ಇಳಿಸಿತು. ಉಳಿದ ಜಮೆಗೆ ಅಮೆರಿಕದಲ್ಲಿ ಸಿಗಬಹುದಾದ ಸರಕು ಒಂದೇ ರಾತ್ರಿಯಲ್ಲಿ ಅಷ್ಟು ಕುಗ್ಗಿತು. ರೂಪಾಯಿಯೂ ಜೊತೆಗೇ ಇಳಿಯಿತು. ಅಷ್ಟರಲ್ಲಿ ದೇಶಮುಖರು ಬ್ಯಾಂಕನ್ನು ಬಿಟ್ಟಿದ್ದರು.

ಅವರ ಕಾಲದಲ್ಲಿ ನಡೆದ ಮತ್ತೊಂದು ಪ್ರಸಂಗ ಇಂದಿನ ವಾಚಕರಿಗೆ ಪರಿಚಿತವೆನಿಸೀತು. ೧೯೪೬ರ ಜನವರಿ ೧೨ರಂದು ಸರ್ಕಾರ ಒಂದು ಆಜ್ಞೆ ಹೊರಡಿಸಿ ೫೦೦, ೧,೦೦೦ ಮತ್ತು ೧೦,೦೦೦ ರೂಪಾಯಿಗಳ ನೋಟುಗಳನ್ನು ರದ್ದುಗೊಳಿಸಿತು. ಯುದ್ಧದ ಕಾಳಸಂತೆಯಲ್ಲಿ ಗಳಿಸಿದವರನ್ನು ಹಿಡಿಯುವುದು ಉದ್ದೇಶ. ಹೊರಗಿದ್ದ ೧೪೪ ಕೋಟಿಯಲ್ಲಿ ಸುಮಾರು ೧೩೫ ಕೋಟಿ ಬ್ಯಾಂಕಿಗೆ ಹಿಂತಿರುಗಿತು. ಬಲೆಗೆ ಬಿದ್ದದ್ದು ೯ ಕೋಟಿ. ೧೯೭೮ರಲ್ಲಿ ಇನ್ನೊಮ್ಮೆ, ೨೦೧೬ರಲ್ಲಿ ಮಗುದೊಮ್ಮೆ ಇದೇ ಪ್ರಯೋಗ ನಡೆಯಿತು. ೨೦೧೬ರಲ್ಲಿ ನೂರಕ್ಕೆ ೯೯ಕ್ಕೂ ಮೇಲೆ ಹಿಂತಿರುಗಿದವು.

ಇನ್ನು ವಿಭಜನೆಯ ವಿಷಯ. ದೇಶ ಎರಡಾದಾಗ ಸೈನ್ಯವನ್ನು ಹಂಚಿದರು, ರೈಲುಗಾಡಿಗಳನ್ನು ಹಂಚಿದರು, ಕಚೇರಿಯ ಮೇಜುಕುರ್ಚಿಗಳನ್ನೂ ಹಂಚಿದರು. ನೋಟನ್ನು ಒಂದೇ ದಿನದಲ್ಲಿ ಹಂಚಲಾಗುವುದಿಲ್ಲ. ಪಾಕಿಸ್ತಾನಕ್ಕೆ ತನ್ನದೇ ಬ್ಯಾಂಕಿರಲಿಲ್ಲ, ಅಚ್ಚುಕೂಟವಿರಲಿಲ್ಲ. ಆದುದರಿಂದ ೧೯೪೮ರ ಸೆಪ್ಟೆಂಬರ್ ಕೊನೆಯವರೆಗೆ ನಮ್ಮ ರಿಸರ್ವ್ ಬ್ಯಾಂಕೇ ಎರಡು ದೇಶಗಳಿಗೂ ನಾಣ್ಯದ ಅಧಿಕಾರಿಯಾಗಿರಬೇಕೆಂದು ಗೊತ್ತುಮಾಡಿದರು. ಪಾಕಿಸ್ತಾನಕ್ಕಾಗಿ ಮೇಲೊತ್ತು ಅಚ್ಚು ಹಾಕಿದ ನೋಟುಗಳನ್ನು ಬ್ಯಾಂಕು ೧೯೪೮ರ ಏಪ್ರಿಲಿನಿಂದ ಹೊರಡಿಸಿತು. ಕಾಶ್ಮೀರದಲ್ಲಿ ಎರಡು ದೇಶಗಳ ಸೈನಿಕರು ಬಡಿದಾಡುತ್ತಿರುವಾಗ ಎರಡಕ್ಕೂ ಒಬ್ಬನೇ ಖಜಾಂಚಿ ಎಂದರೆ ಆ ಖಜಾಂಚಿಯ ಸ್ಥಿತಿ ಅಡಕತ್ತರಿಯ ನಡುವಣ ಅಡಕೆಯಂತೆಯೇ ಸರಿ.

ಖಜಾನೆಯ ನಗದಿನಲ್ಲಿ ಪಾಕಿಸ್ತಾನದ ಪಾಲು ೭೫ ಕೋಟಿ ಎಂದು ನಿರ್ಣಯವಾಗಿ, ೨೦ ಕೋಟಿ ಮೊದಲೇ ಸಂದಿತ್ತು. ಉಳಿದ ೫೫ ಕೋಟಿಯನ್ನು ಕಾಶ್ಮೀರದ ತಂಟೆ ತೀರುವವರೆಗೆ ಕೊಡುವುದಿಲ್ಲವೆಂದು ದಿಲ್ಲಿ ತಡೆಹಿಡಿಯಿತು. ತನಗೆ ಬರಬೇಕಾದುದನ್ನು ಬ್ಯಾಂಕು ಸರ್ಕಾರದ ಮಾತು ಕೇಳಿ ತಡೆದಿದೆಯೆಂದು ಕರಾಚಿ ದೂರಿತು. ೧೯೪೮ರ ಜನವರಿ ೧೩ರಂದು ಗಾಂಧೀಜಿಯವರು ಉಪವಾಸಕ್ಕೆ ಕುಳಿತರು. ಎರಡು ದಿನಗಳಲ್ಲಿ ಹಣ ಕೊಡುವ ತೀರ್ಮಾನ ಹೊರಬಿತ್ತು. ತಿಂಗಳು ಮುಗಿಯುವುದರೊಳಗೆ ಗಾಂಧೀಜಿಯವರೇ ಇರಲಿಲ್ಲ. ಬ್ಯಾಂಕಿನ ಜಂಟಿ ಹೊಣೆ ಗೊತ್ತಾದ ದಿನಕ್ಕಿಂತ ಮೂರು ತಿಂಗಳು ಮೊದಲೇ, ಜೂನ್ ೩೦ಕ್ಕೆ, ಮುಗಿಯಿತು. ಮರುದಿನ ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನವನ್ನು ಜಿನ್ನಾ ತೆರೆದರು. ಮನೆ ಒಡೆದು ಹೊತ್ತಿ ಉರಿದರೂ ಎರಡು ಕಡೆಯ ನೋಟುಗಳು ಹತ್ತು ತಿಂಗಳ ಕಾಲ ಅಂಗಡಿಯಲ್ಲಿ ಸಂತೆಯಲ್ಲಿ ತಪ್ಪದೆ ನಡೆದವು. ದೇಶಮುಖರು ಮಾಡಿದ ಕೆಲಸಗಳಲ್ಲಿ ಇದು ಎಲ್ಲಕ್ಕಿಂತ ಕಡಿಮೆ ಹೊಗಳಿಕೆ ಪಡೆದದ್ದು, ಪ್ರಾಯಶಃ ಎಲ್ಲಕ್ಕಿಂತ ಕಠಿಣವಾದದ್ದು.

೧೯೪೯ರ ಜನವರಿ ೧ರಂದು ರಿಸರ್ವ್ ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು. ನೂರು ರೂಪಾಯಿಯ ಷೇರಿಗೆ ೧೧೮ ರೂಪಾಯಿ ೧೦ ಆಣೆಯಂತೆ ಷೇರುದಾರರಿಗೆ ಕೊಟ್ಟು ತೀರಿಸಿದರು. ಅದೇ ವರ್ಷ ಮಾರ್ಚಿಯಲ್ಲಿ ಬ್ಯಾಂಕಿಂಗ್ ಕಂಪನಿಗಳ ಕಾನೂನು ಜಾರಿಗೆ ಬಂದು, ಊರೂರಿನ ಖಾಸಗಿ ಬ್ಯಾಂಕುಗಳನ್ನು ತಪಾಸಣೆ ಮಾಡುವ, ಲೈಸೆನ್ಸು ಕೊಡುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ದೊರೆಯಿತು. ಬೀದಿಗೊಂದು ಬ್ಯಾಂಕು ಹುಟ್ಟುತ್ತಿದ್ದ ನಮ್ಮ ದಕ್ಷಿಣ ಕನ್ನಡದಂಥ ಜಿಲ್ಲೆಗಳ ಠೇವಣಿದಾರರಿಗೆ ಈ ಕಾನೂನಿನ ಬೆಲೆ ಗೊತ್ತು. ಬ್ಯಾಂಕಿನ ಸಂಶೋಧನ ವಿಭಾಗವನ್ನು ಬೆಳೆಸಿ, ೧೯೪೭ರಿಂದ ತಿಂಗಳ ಬುಲೆಟಿನ್ ಹೊರತಂದದ್ದೂ ದೇಶಮುಖರ ಕಾಲದ ಕೆಲಸವೇ. ನಮ್ಮ ಗ್ರಂಥಭಂಡಾರಗಳಲ್ಲಿ ಧೂಳು ಹಿಡಿದಿರುವ ಅದರ ಸಂಚಿಕೆಗಳನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಒಮ್ಮೆ ತೆರೆದು ನೋಡಬಹುದು. ೧೯೪೯ರ ಜೂನ್ ೩೦ರಂದು ಅವರು ನಿವೃತ್ತರಾದರು. ಅವರ ಕುರ್ಚಿಗೆ ಬಂದವರು ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸರ್ ರಾಮರಾಯರು, ಸಂವಿಧಾನದ ಸಲಹೆಗಾರರಾಗಿದ್ದ ಬಿ. ಎನ್. ರಾಯರ ಸೋದರರು.

ಅಲ್ಲಿಂದ ಮುಂದೆ ದೇಶಮುಖರು ಇನ್ನೂ ಎತ್ತರಕ್ಕೆ ಏರಿದರು. ಯೋಜನಾ ಆಯೋಗದ ಸದಸ್ಯರಾದರು. ೧೯೫೦ರ ಜೂನಿನಲ್ಲಿ ಅರ್ಥಸಚಿವರಾದರು. ಆರು ವರ್ಷಗಳಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾಯಿತು, ಜೀವವಿಮೆ ರಾಷ್ಟ್ರೀಕರಣವಾಯಿತು, ಆಣೆಪೈಗಳನ್ನು ತೆಗೆದು ದಶಮಾಂಶ ನಾಣ್ಯ ತರುವ ಕಾನೂನು ಆಯಿತು. ೧೯೫೬ರ ಜುಲೈಯಲ್ಲಿ ಅವರು ಸಚಿವಸ್ಥಾನವನ್ನು ಬಿಟ್ಟು ಹೊರನಡೆದರು. ಮುಂಬಯಿ ನಗರವನ್ನು ಮಹಾರಾಷ್ಟ್ರದಿಂದ ಬೇರೆ ಮಾಡುವ ವಿಚಾರ ಮತ್ತು ಅಲ್ಲಿ ನಡೆದ ಗೋಲಿಬಾರುಗಳು ಅದಕ್ಕೆ ಕಾರಣ. ೧೯೪೩ರಲ್ಲಿ ಕೊಡದ ರಾಜೀನಾಮೆಯನ್ನು ೧೯೫೬ರಲ್ಲಿ ಕೊಟ್ಟರಲ್ಲ ಎಂದು ಕೆಲವರು ಆಡಿಕೊಳ್ಳುವುದುಂಟು. ನನಗೆ ತೋರುವಂತೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಮೊದಲನೆಯ ಸಲ ಅವರು ಆಳು, ಎರಡನೆಯ ಸಲ ಜನರು ಆರಿಸಿ ಕಳುಹಿಸಿದ ಪ್ರತಿನಿಧಿ. ಕೊಲಾಬಾದ ಮತದಾರರಿಗೆ ಅವರು ಉತ್ತರ ಹೇಳಬೇಕಿತ್ತು.

ಖಾಸಗಿ ಬದುಕಿನಲ್ಲಿ ಅವರು ಸುಖದುಃಖಗಳೆರಡನ್ನೂ ಕಂಡವರು. ಇಂಗ್ಲೆಂಡಿನಲ್ಲಿ ಕೈಹಿಡಿದಿದ್ದ ಮೊದಲ ಪತ್ನಿ ರೋಸಿನಾ ೧೯೪೯ರಲ್ಲಿ ತೀರಿಕೊಂಡರು. ೧೯೫೩ರ ಜನವರಿಯಲ್ಲಿ, ಸಂವಿಧಾನ ಸಭೆಯ ಸದಸ್ಯೆಯಾಗಿದ್ದ, ಆಂಧ್ರ ಮಹಿಳಾ ಸಭೆಯನ್ನು ಕಟ್ಟಿದ ದುರ್ಗಾಬಾಯಿಯವರನ್ನು ವರಿಸಿದರು. ಸಂಸ್ಕೃತದ ಗೀಳು ಮಾತ್ರ ಯಾವ ಪದವಿಯಲ್ಲಿಯೂ ಬಿಡಲಿಲ್ಲ. ಕಾಳಿದಾಸನ ಮೇಘದೂತವನ್ನು ಮರಾಠಿ ಪದ್ಯಕ್ಕೆ ತಂದರು. ಗಾಂಧೀಜಿಯವರ ಸೂಕ್ತಿಗಳನ್ನು ಸಂಸ್ಕೃತ ಶ್ಲೋಕಗಳಾಗಿ ರಚಿಸಿದರು. ಸಸ್ಯಶಾಸ್ತ್ರದ ಹಳೆಯ ವಿದ್ಯಾರ್ಥಿಗೆ ಹೂದೋಟದ ಮೇಲೂ ಅಷ್ಟೇ ಮೋಹ.

ಅವರ ಮುಂದಿನ ಕೆಲಸ ನಮ್ಮ ಕಾಲೇಜುಗಳಿಗೆ ನೇರವಾಗಿ ತಟ್ಟುವಂಥದು. ೧೯೫೬ರಿಂದ ೧೯೬೧ರವರೆಗೆ ಅವರು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧ್ಯಕ್ಷರು. ನಮ್ಮ ಅಧ್ಯಾಪಕರು ಇಂದಿಗೂ ಬಾಯಲ್ಲಿ ಹಿಡಿದಿರುವ ಯು. ಜಿ. ಸಿ. ಎಂಬ ಮೂರು ಅಕ್ಷರಗಳ ಮೊದಲ ದಿನಗಳನ್ನು ನಡೆಸಿದವರು ಈ ನೋಟಿನ ರುಜುದಾರರೇ. ೧೯೫೯ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ೧೯೬೨ರಿಂದ ೧೯೬೭ರವರೆಗೆ ದಿಲ್ಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ೧೯೬೯ರಲ್ಲಿ ರಾಷ್ಟ್ರಪತಿಯ ಚುನಾವಣೆಗೆ ನಿಂತು, ಗಿರಿ ಮತ್ತು ಸಂಜೀವರೆಡ್ಡಿಯವರ ಹಿಂದೆ ಮೂರನೆಯವರಾಗಿ ಸೋತರು. ೧೯೭೫ರಲ್ಲಿ ದಂಪತಿಗಳಿಬ್ಬರಿಗೂ ಒಂದೇ ವರ್ಷ ಪದ್ಮವಿಭೂಷಣ ಬಂದಿತು.

ದುರ್ಗಾಬಾಯಿಯವರು ೧೯೮೧ರ ಮೇ ತಿಂಗಳಲ್ಲಿ ತೀರಿಕೊಂಡರು. ದೇಶಮುಖರು ಹೈದರಾಬಾದಿನಲ್ಲಿ ೧೯೮೨ರ ಅಕ್ಟೋಬರ್ ೨ರಂದು, ಗಾಂಧಿಜಯಂತಿಯ ದಿನ, ತಮ್ಮ ೮೬ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಅವರು ರುಜು ಹಾಕಿದ, ಆರನೆಯ ಜಾರ್ಜ್ ದೊರೆಯ ತಲೆಯುಳ್ಳ ನೋಟುಗಳು ಈಗ ನಾಣ್ಯ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ಮಾತ್ರ ಸಿಗುತ್ತವೆ.